ಅಮ್ಮ ನಿಲ್ಲಿಸುತ್ತಿದ್ದ ಹಾಡು

ಕಾಟಿಪಳ್ಳದ ನಮ್ಮ ಮನೆಯಲ್ಲಿ ಸಂಜೆಯಾದರೆ ಮಂಗಳೂರು ಆಕಾಶವಾಣಿ ಹಾಡುತ್ತಲೇ ಇರುತ್ತಿತ್ತು. ಒಂದು ಭಾವಗೀತೆ ಬಂದಾಗ ಮಾತ್ರ ಅಮ್ಮ ಅಡುಗೆಮನೆಯಿಂದ ಎದ್ದು ಬಂದು ರೇಡಿಯೋ ನಿಲ್ಲಿಸಿಬಿಡುತ್ತಿದ್ದರು. ಅದು ಬೇಂದ್ರೆಯವರದು, ಮಗುವನ್ನು ಕಳೆದುಕೊಂಡ ತಂದೆ ತನ್ನ ಹೆಂಡತಿಗೆ ಹೇಳುವ ಹಾಡು. ಅಮ್ಮನಿಗೆ ಕವಿತೆಯ ರುಚಿಯಿಲ್ಲವೆಂದೇ ನಾನು ತಿಳಿದಿದ್ದೆ.

ಆಗ ನನ್ನ ತಲೆತುಂಬ ಕೀಟ್ಸ್. ಅವನ ತಮ್ಮನನ್ನು 1818ರಲ್ಲಿ ಕ್ಷಯ ಕೊಂಡೊಯ್ದಿತು. 1821ರಲ್ಲಿ ಅದೇ ರೋಗದಿಂದ ಅವನೂ ರೋಮಿನಲ್ಲಿ ತೀರಿಕೊಂಡ. ವಯಸ್ಸು ಬರೇ 25. ಮದುವೆಯಾಗಬೇಕಿದ್ದ ಫ್ಯಾನಿ ಬ್ರಾನ್ ಇಂಗ್ಲೆಂಡಿನಲ್ಲೇ ಉಳಿದಳು. 1819ರಲ್ಲಿ ಅವನು ಗ್ರೀಕ್ ಕಲಶವೊಂದರ ಕುರಿತು ಬರೆದ ಕವಿತೆಯಲ್ಲಿ ಪ್ರೇಮಿಗಳು ಎಂದೂ ಒಂದಾಗುವುದಿಲ್ಲ. ಆದ್ದರಿಂದಲೇ ಅವರ ಪ್ರೀತಿಗೆ ಮುಪ್ಪಿಲ್ಲ. ಹದಿನೆಂಟರ ನನಗೆ ಅದಕ್ಕಿಂತ ಚೆಂದದ್ದು ಬೇರೆ ಕಾಣುತ್ತಿರಲಿಲ್ಲ.

ಬಿ.ಎಂ.ಶ್ರೀ.ಯವರ 'ಇಂಗ್ಲಿಷ್ ಗೀತಗಳು' ಈ ರಮ್ಯ ಕಾವ್ಯವನ್ನು ಕನ್ನಡಕ್ಕೆ ಕರೆತಂದಿತು. ಇಲ್ಲಿಗೆ ಬಂದ ಮೇಲೆ ಅದು ಸಂಸಾರ ಹೂಡಿತು ಎನ್ನಬೇಕು. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಯ (1942) ಪ್ರೇಮಿಗಳು ಗಂಡಹೆಂಡಿರು. ಬೇಂದ್ರೆಯವರ 'ಸಖೀಗೀತ'ದ ಸಖಿ ಅವರ ಪತ್ನಿಯೇ. ಹೀಗೆ ಮನೆ ಕಟ್ಟಿಕೊಂಡ ಪ್ರೀತಿಯ ಬಳಿಗೆ ಸಾವು ಬರುವುದು ತೊಟ್ಟಿಲಿನ ಕಡೆಯಿಂದ. ಬೇಂದ್ರೆ ದಂಪತಿಗಳು ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡವರು.

ಆ ಹಾಡಿನಲ್ಲಿ ಗಂಡನ ಕಣ್ಣಿರುವುದು ಹೆಂಡತಿಯ ಮುಖದ ಮೇಲೆ. ಹಾಗೆ ನನ್ನನ್ನು ನೋಡಬೇಡ, ಬಿಕ್ಕನ್ನು ತಡೆಹಿಡಿಯಬೇಡ ಎಂದು ಅವನು ಬೇಡಿಕೊಳ್ಳುತ್ತಾನೆ. ಅವಳದೊಂದು ಮಾತೂ ಅಲ್ಲಿಲ್ಲ. "ಹೆತ್ತವಳಿಗೆ ಮಾತೇ ಕೊಡಲಿಲ್ಲವಲ್ಲ, ಇದೆಂಥ ನ್ಯಾಯ?" ಎಂದು ನಾನೊಮ್ಮೆ ಅಮ್ಮನ ಮುಂದೆ ವಾದ ಹೂಡಿದೆ. ಮೆಟ್ಟುಕತ್ತಿಯ ಮುಂದೆ ಕುಳಿತಿದ್ದ ಅಮ್ಮ ಕೈಯ ಸೌತೆಕಾಯಿ ಕೆಳಗಿಟ್ಟರು.

"ನಿನಗಿಂತ ಮೊದಲು ಒಬ್ಬ ಇದ್ದ ಮಗಾ. ಹನ್ನೊಂದು ದಿನ ಇದ್ದ. ಆಮೇಲೆ ತಿಂಗಳುಗಟ್ಟಲೆ ನಿನ್ನ ಅಪ್ಪ ನನ್ನ ಮುಖ ನೋಡಲಿಲ್ಲ. ಆ ಕವಿ ನೋಡಿದ್ದಾರೆ."

ನನ್ನ ವಾದ ಅಲ್ಲಿಗೇ ನಿಂತಿತು. ದುಃಖದಲ್ಲಿರುವ ಹೆಂಡತಿಯ ಮುಖವನ್ನು ಕಣ್ಣು ತಪ್ಪಿಸದೆ ನೋಡುವುದು ಎಷ್ಟು ಮನೆಗಳಲ್ಲಿ ನಡೆಯುತ್ತದೆ ಹೇಳಿ! ಕೀಟ್ಸನ ಪ್ರೇಮಿಗಳಿಗೆ ಈ ಪರೀಕ್ಷೆ ಬರಲೇ ಇಲ್ಲ. ಬೇಂದ್ರೆಯವರ ಗಂಡನಿಗೆ ಬಂತು. ಸಮಾಧಾನ ಹೇಳಲಾಗದೆ ಸೋತರೂ ಅವನು ಎದ್ದು ಹೋಗಲಿಲ್ಲ.

ನನ್ನ ದೂರು ಪೂರ್ತಿ ಹೋಗಿದೆಯೆಂದಲ್ಲ. ಆ ಹೆಂಡತಿ ಏನು ಹೇಳುತ್ತಿದ್ದಳೋ ಕೇಳುವ ಆಸೆ ಇನ್ನೂ ಇದೆ. ನಮ್ಮ ಮನೆಯಲ್ಲಂತೂ ಅವಳು ರೇಡಿಯೋ ನಿಲ್ಲಿಸಿ, ಒಲೆಯ ಮುಂದೆ ಹೋಗಿ ಕುಳಿತುಬಿಡುತ್ತಿದ್ದಳು.