ಉಬ್ಬಿದ ಮೂಳೆಯ ಗುರುತು

ಮಹಾರಾಷ್ಟ್ರದ ಟಿಟ್ವಾಳಾದ ನೆಲದಡಿ ದಖ್ಖನ್ ಲಾವಾದ ಕರಿಗಲ್ಲು. ಆರಿ ಗಟ್ಟಿಯಾದ ಆ ಲಾವಾದೊಳಗೆ ಮೀನಿನ ಮೂಳೆ ಹುಡುಕಿ ಫಲವಿಲ್ಲ. ಆದರೆ ಪಳೆಯುಳಿಕೆಯಾದ ಮೀನಿನ ಮೂಳೆಯನ್ನು ಗುರುತಿಸುವ ವಿದ್ಯೆಯ ಮೊದಲ ಪಾಠ ಇಲ್ಲಿನ ಮೀನು ಮಾರುಕಟ್ಟೆಯಲ್ಲೇ ಸಿಗುತ್ತದೆ.

ಅಮೆರಿಕದ ಫ್ಲಾರಿಡಾ, ಉತ್ತರ ಕೆರೊಲಿನಾಗಳಲ್ಲಿ ಹವ್ಯಾಸಿಗಳ ಕೈಗೆ ಗೋಡಂಬಿಯಂತೆ ಉಬ್ಬಿದ, ನುಣುಪಾದ ಪಳೆಯುಳಿಕೆಗಳು ಸಿಗುತ್ತವೆ. ಹಲ್ಲೆನ್ನಲು ಬೇರಿಲ್ಲ, ಕಲ್ಲೆನ್ನಲು ಮೈತುಂಬ ಸಣ್ಣ ರಂಧ್ರಗಳು. ಇವು ‘ಟಿಲ್ಲಿ ಮೂಳೆ’ಗಳು, ಅಂದರೆ ಮೀನಿನ ಊದಿದ ಮೂಳೆಗಳು. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಬಂದು ಹಾರ್ವರ್ಡ್‌ನಲ್ಲಿ ದುಡಿದ ಪಳೆಯುಳಿಕೆ ತಜ್ಞೆ ಟಿಲ್ಲಿ ಎಡಿಂಗರ್ (1897–1967) ಅವರ ಹೆಸರು ಇವಕ್ಕೆ ಉಳಿದಿದೆ. ನೋಡಿದರೆ ರೋಗದ ಗಡ್ಡೆ ಅನ್ನಿಸುತ್ತದೆ. ಆದರೆ ಒಂದೊಂದು ಜಾತಿಯ ಮೀನಿನಲ್ಲೂ ಊದುವ ಮೂಳೆಗಳು ಹೆಚ್ಚುಕಡಿಮೆ ನಿಗದಿಯಾದವೇ. ಮೀನು ಬಲಿತಂತೆ ಅವು ದಪ್ಪಗಾಗುತ್ತವೆ.

ಈ ಶಿಸ್ತನ್ನು ಹಿಡಿದೇ ತಜ್ಞರು ಮೂಳೆ ಯಾವ ಮೀನಿನದೆಂದು ಗುರುತು ಹೇಳುತ್ತಾರೆ. ನನ್ನ ಮೆಚ್ಚುಗೆಯೆಲ್ಲ ಆ ತಾಳ್ಮೆಗೆ. ಇಂದಿನ ಮೀನಿನ ಮಾಂಸ ಬಿಡಿಸಿ, ಅಸ್ಥಿಪಂಜರವನ್ನು ಜೋಡಿಸಿಟ್ಟು, ಉಬ್ಬಿನ ಪಕ್ಕ ಉಬ್ಬು ಇಟ್ಟು ನೋಡಬೇಕು. ಕೊಂಕಣದವರು ಚೆನ್ನಾಗಿ ಬಲ್ಲ ರಿಬ್ಬನ್ ಮೀನನ್ನೇ ತೆಗೆದುಕೊಳ್ಳಿ. ಬಲಿತ ಮೀನಿನ ತಲೆಯ ಹಿಂಬದಿಯ ಏಣನ್ನೂ ಬೆನ್ನಿನ ರೆಕ್ಕೆಗೆ ಆಸರೆಯಾದ ಕಡ್ಡಿಮೂಳೆಗಳನ್ನೂ ಬೆರಳಿನಿಂದ ಸವರಿದರೆ ಗಂಟುಗಳು ಸಿಗಬಹುದು. ಮಣ್ಣಿನಲ್ಲಿ ಉಳಿದ ಮೀನುಗಳಲ್ಲಿ ತೆಳ್ಳನೆಯ ಮೂಳೆಗಳು ಪುಡಿಯಾಗಿ ಹೋದರೂ ಈ ಗಂಟುಗಳು ಗಟ್ಟಿಯಾದ್ದರಿಂದ ಉಳಿದುಕೊಳ್ಳುತ್ತವೆ. ಹವ್ಯಾಸಿಯ ಜೇಬಿಗೆ ಮೊದಲು ಬೀಳುವುದೂ ಇವೇ. ಸಿಕ್ಕ ಜಾಗ, ಮಣ್ಣಿನ ಪದರ ಬರೆದಿಟ್ಟಿದ್ದರೆ ತಜ್ಞರ ಅರ್ಧ ಕೆಲಸ ಮುಗಿದಂತೆ.