ಅಲುಗಿದವನ ಬಣ್ಣ

ಸಪ್ತಾಪುರದ ಬಾಡಿಗೆ ಖೋಲಿಯೊಂದರಲ್ಲಿ ಗೆಳೆಯ ತಾನು ತೆಗೆದ ಫೋಟೋಗಳನ್ನು ಹಾಸಿಗೆ ಮೇಲೆ ಹರವಿದ. ಎಲ್ಲವೂ ಧಾರವಾಡದ ಹಳೇ ಇಂಗ್ಲಿಷರ ಗೋರಿಗಳು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆಯ ಕಲ್ಲೂ ಅದರಲ್ಲಿತ್ತು.

ಇವನ ಪ್ರಯೋಗ ಇಷ್ಟು: ಒಂದೇ ಗೋರಿಯನ್ನು ಕಪ್ಪು-ಬಿಳುಪು ರೋಲಿನಲ್ಲಿ ಮೂರು ಸಲ, ಕೆಂಪು, ಹಸಿರು, ನೀಲಿ ಗಾಜು ಹಿಡಿದು ತೆಗೆಯುವುದು, ಆಮೇಲೆ ಒಂದರ ಮೇಲೊಂದು ಕೂಡಿಸುವುದು. ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನಲ್ಲಿ ತೋರಿಸಿದ ಹಳೇ ವಿದ್ಯೆ. ಅಲುಗದ್ದು ತನ್ನ ಬಣ್ಣದಲ್ಲೇ ಉಳಿಯುತ್ತದೆ. ಅಲುಗಿದ್ದು ಬಣ್ಣಬಣ್ಣವಾಗಿ ಒಡೆಯುತ್ತದೆ. ಕಲ್ಲು ಗಟ್ಟಿ, ಹುಲ್ಲು-ಮೋಡ ಕಾಮನಬಿಲ್ಲು. ಚೆಂದ ಅದಾವ, ಇಲ್ಲ ಅನ್ನುವುದಿಲ್ಲ.

ನನ್ನ ತಕರಾರು ಬೇರೆ. ಈ ವಿಧಾನ ಕಲ್ಲನ್ನು ಮಾತ್ರ ನಂಬುತ್ತದೆ. ಕಲ್ಲು ಯಾರಿಗಿತ್ತು? ನಮ್ಮ ಕೇರಿಯಲ್ಲಿ ಮಣ್ಣು ಕೊಟ್ಟ ಮೇಲೆ ಉಳಿಯುವುದು ಒಂದು ಗುಪ್ಪೆ. ಎರಡು ಮಳೆಗಾಲಕ್ಕೆ ಅದೂ ನೆಲಸಮ. ಎಷ್ಟೋ ಊರುಗಳಲ್ಲಿ ಅಷ್ಟು ಜಾಗವೂ ಇಲ್ಲ, ಹಳ್ಳದ ದಂಡೆಯೇ ಗತಿ. ಸ್ಮಶಾನವಿಲ್ಲದ ಊರಿಗೆ ಜಾಗ ಕೊಡಿರೆಂದು 2019ರಲ್ಲಿ ಹೈಕೋರ್ಟೇ ಸರ್ಕಾರಕ್ಕೆ ಹೇಳಬೇಕಾಯಿತು. ಅದು ಆಗದೆ ನ್ಯಾಯಾಂಗ ನಿಂದನೆಯ ಅರ್ಜಿಯೂ ಬಂತು.

ಇನ್ನು, ಬಣ್ಣಕ್ಕೆ ಜಾತಿಯಿಲ್ಲ ಅನ್ನುವವರಿಗೆ ಒಂದು ಮಾತು. ಪ್ರಿಂಟಿನ ಬಣ್ಣ ಹದ ಮಾಡಲು ಕೊಡಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ದಶಕಗಳ ಕಾಲ ಇದ್ದವಳು ಬಿಳಿ ಹೆಂಗಸು. ಅವಳ ಚರ್ಮ ಸರಿ ಬಂದರೆ ಫೋಟೋ ಸರಿ. ಕಪ್ಪು ಮುಖಗಳು ಮಸಿಯಾದವು. ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲ ಎಂದು ಚಾಕಲೇಟಿನವರು, ಮರದ ಸಾಮಾನಿನವರು ದೂರಿದ ಮೇಲೆ ಕಂಪನಿ ಎಚ್ಚೆತ್ತಿತು. ಮನುಷ್ಯರಿಗಿಂತ ಮೊದಲು ಕುರ್ಚಿಗೆ ನ್ಯಾಯ!

ಮಂಚದ ಕೆಳಗೆ ತಳ್ಳಿದ್ದ ಒಂದು ಪ್ರಿಂಟು ಕಾಲಿಗೆ ತಾಗಿತು. ಗೋರಿಯ ಹಿಂದೆ, ಮರದ ಕತ್ತಲಲ್ಲಿ, ಕುಣಿ ತೋಡುವವನೊಬ್ಬ ಗುದ್ದಲಿ ಎತ್ತಿದ್ದಾನೆ. ಬಿಳಿ ಅಂಗಿಯ ತೋಳು ಮೇಲೆ ಕೆಂಪು, ನಡುವೆ ಹಸಿರು, ನೆಲದ ಹತ್ತಿರ ನೀಲಿ. ಮುಖ ಮೂರಾಗಿ ಹರಿದಿದೆ.

"ಅಂವ ನಿಲ್ಲಲಿಲ್ಲೋ ಮಾರಾಯಾ, ಕೆಟ್ಟ ಹೋತು," ಅಂದ.

"ಅಂವ ನಿಂತ್ರ ಕೂಲಿ ಯಾರ ಕೊಡ್ತಾರ?"

ಗೆಳೆಯ ಹೊರಗಿನವನಲ್ಲ, ನಮ್ಮ ಕೇರಿಯವನೇ. ಅದಕ್ಕೇ ಜಗಳ. ಥ್ಯಾಕರೆಯ ಕಲ್ಲನ್ನು ಅಷ್ಟು ಮುತುವರ್ಜಿಯಿಂದ ನೋಡಿದ ಕಣ್ಣಿಗೆ ಇವನು ಕೆಟ್ಟ ಪಟವಾಗಿ ಕಂಡದ್ದು ಹೇಗೆ? ನನ್ನ ಪ್ರಕಾರ ಪ್ರಯೋಗ ಫಲಿಸಿದ್ದು ಆ ಒಂದರಲ್ಲೇ. ಪ್ರದರ್ಶನಕ್ಕೆ ಅದನ್ನ ಇಡು ಅಂದೆ.

"ನೋಡೂಣು," ಅಂದು ಪ್ರಿಂಟನ್ನು ಎತ್ತಿ ಗೋಡೆಗೆ ಆನಿಸಿಟ್ಟ, ಪಟದ ಬೆನ್ನು ನಮ್ಮ ಕಡೆ ಮಾಡಿ.