ಓದುಗರಿಲ್ಲದ ಕ್ರಿಯಾ ಸಂಶೋಧನೆ

ಶಿಕ್ಷಕರು ತಮ್ಮ ತರಗತಿಯ ಸಮಸ್ಯೆಯನ್ನು ತಾವೇ ಹುಡುಕಿ ತಿದ್ದಿಕೊಳ್ಳುವ ಕ್ರಿಯಾ ಸಂಶೋಧನೆ ಶಾಲೆಗಳಲ್ಲಿ ಯಾಕೆ ಬೇರೂರಲಿಲ್ಲ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ಶಿಕ್ಷಕರಿಗೆ ಸಂಶೋಧನಾ ವಿಧಾನದ ತರಬೇತಿ ಸಾಲದು. ಹಾಗಾಗಿ ಇನ್ನೊಂದು ಕಾರ್ಯಾಗಾರ, ಇನ್ನೊಂದು ಕೈಪಿಡಿ. ತರಬೇತಿ ಕೊಡುವವರೂ ಪಡೆಯುವವರೂ ಇದನ್ನು ತಕರಾರಿಲ್ಲದೆ ಒಪ್ಪುತ್ತಾರೆ. ನನಗೆ ಒಪ್ಪಿಗೆಯಿಲ್ಲ. ವಿಧಾನವನ್ನು ಬಿ.ಇಡಿ.ಯಲ್ಲೇ ಕಲಿಸಿರುತ್ತಾರೆ. ಕೊರತೆಯಿರುವುದು ಬರೆದದ್ದನ್ನು ಓದುವವರದ್ದು.

ವರದಿಯ ಅಚ್ಚು ಬಹುತೇಕ ಎಲ್ಲರಿಗೂ ಬಾಯಿಪಾಠ. ಸಮಸ್ಯೆ, ಸಂಭವನೀಯ ಕಾರಣಗಳು, ಪ್ರಾಕ್ಕಲ್ಪನೆ, ಪೂರ್ವ ಪರೀಕ್ಷೆ, ಕ್ರಿಯಾ ಯೋಜನೆ, ಉತ್ತರ ಪರೀಕ್ಷೆ, ಕೊನೆಗೆ ಶೇಕಡಾವಾರು ಪ್ರಗತಿ ತೋರಿಸುವ ಸ್ತಂಭನಕ್ಷೆ. ಪ್ರಶ್ನೆಪತ್ರಿಕೆ ತಯಾರಿಸಿದವರು, ಪಾಠ ಮಾಡಿದವರು, ಅಂಕ ಕೊಟ್ಟವರು ಒಬ್ಬರೇ. ಹೀಗಿರುವಾಗ ಪ್ರಾಕ್ಕಲ್ಪನೆ ಬಿದ್ದುಹೋಯಿತೆಂದು ಬರೆದುಕೊಳ್ಳುವ ಧೈರ್ಯ ಯಾರಿಗೆ ಬಂದೀತು?

ಈ ಅಚ್ಚನ್ನು ಸುಳ್ಯ ತಾಲೂಕಿನ ಕೊಲ್ಲಮೊಗ್ರಿನಂಥ ಊರಿಗೆ ತಂದು ನೋಡಿ. ಘಟ್ಟದ ಬುಡದ ಶಾಲೆಯೊಂದರ ನಾಲ್ಕನೇ ತರಗತಿಯಲ್ಲಿ ಎಂಟು ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಅಲ್ಲಿ ಒಂದು ಮಗುವೆಂದರೆ ಶೇ. 12.5. ಪೂರ್ವ ಪರೀಕ್ಷೆಯ ದಿನ ತೋಡು ತುಂಬಿ ಇಬ್ಬರು ಬಾರದಿದ್ದರೆ ತರಗತಿಯ ಕಾಲು ಭಾಗವೇ ಲೆಕ್ಕ ತಪ್ಪಿತು. ಸ್ತಂಭನಕ್ಷೆಯಿಂದ ಅಲ್ಲಿ ಏನೂ ತಿಳಿಯುವುದಿಲ್ಲ. ಆ ಇಬ್ಬರು ಯಾರು, ಯಾವ ದಾರಿಯಲ್ಲಿ ನಡೆದು ಬರುವವರು ಎಂದು ವಿಚಾರಿಸಿದರೆ ಬಹಳಷ್ಟು ತಿಳಿಯುತ್ತದೆ.

2022ರ ಆಗಸ್ಟ್ ಮೊದಲ ವಾರ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಳ್ಳತ್ತಡ್ಕ ಭಾಗದಲ್ಲಿ ಹೊಳೆ ಉಕ್ಕಿ ಸೇತುವೆ, ತೋಟಗಳು ಹಾಳಾದದ್ದು ಸುದ್ದಿಯಾಯಿತು. ಸುದ್ದಿಯಾಗದ ಮಳೆಗೂ ಕಾಲುಸಂಕದಾಚೆಯ ಮಗು ಮನೆಯಲ್ಲೇ ಉಳಿಯುತ್ತದೆ. ಸುಳ್ಯ ಸೀಮೆಯಲ್ಲಿ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಮಿಲಿಮೀಟರ್ ಲೆಕ್ಕ ಬರೆದಿಡುವ ಕೃಷಿಕರಿದ್ದಾರೆ. ಆ ಲೆಕ್ಕ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡುತ್ತದೆ. ಅದರ ಪಕ್ಕದಲ್ಲಿ ಶಾಲೆಯ ಹಾಜರಿ ಪುಸ್ತಕ, ಪಾಠ ಯೋಜನೆಗಳನ್ನು ತೆರೆದಿಟ್ಟರೆ ಯಾವ ಮಗುವಿಗೆ ಯಾವ ಪಾಠ ತಪ್ಪಿತೆಂಬುದು ಒಂದು ಸಂಜೆಯಲ್ಲಿ ಗೊತ್ತಾದೀತು. ಗಣಿತದಲ್ಲಿ ಹಿಂದುಳಿದವನೆಂದು ಹೆಸರಾದ ಹುಡುಗ ಭಾಗಾಕಾರ ಕಲಿಸಿದ ವಾರ ಶಾಲೆಗೇ ಬಂದಿರಲಿಲ್ಲ ಎಂದೂ ಗೊತ್ತಾಗಬಹುದು. ಹಾಗಾದರೆ ಭಾಗಾಕಾರವನ್ನು ದಸರಾ ರಜೆಯ ನಂತರ ಕಲಿಸಿ ನೋಡಬೇಕು. ಅದರಿಂದ ಉಪಯೋಗ ಆಯಿತೋ ಇಲ್ಲವೋ ಎಂದು ಬರೆದಿಡಬೇಕು. ಇದಕ್ಕಿಂತ ಹೆಚ್ಚಿನ ವಿಧಾನ ಎಂಟು ಮಕ್ಕಳ ತರಗತಿಗೆ ಬೇಡ.

ಕ್ರಿಯಾ ಸಂಶೋಧನೆಯನ್ನು 1946ರಲ್ಲಿ ಪ್ರತಿಪಾದಿಸಿದ ಕರ್ಟ್ ಲೆವಿನ್ ಸಮಾಜ ಮನೋವಿಜ್ಞಾನಿ. ಅಮೆರಿಕದ ಸ್ಟೀಫನ್ ಕೋರಿ 1953ರ ತಮ್ಮ ಪುಸ್ತಕದಲ್ಲಿ ಅದನ್ನು ಶಾಲೆಗೆ ಅನ್ವಯಿಸಿದರು. ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ ಶಿಕ್ಷಕರೇ ಸಂಶೋಧಕರಾಗಬೇಕೆಂದು ವಾದಿಸಿದರು. ಹುಡುಕಾಟ ಕ್ರಮಬದ್ಧವಾಗಿದ್ದರೆ ಸಾಲದು, ಅದು ಬಹಿರಂಗವಾಗಬೇಕು ಎಂಬುದು ಅವರ ನಿಲುವು. ನಾವು ಕ್ರಮವನ್ನು ಮಾತ್ರ ಹಿಡಿದುಕೊಂಡು ಬಹಿರಂಗದ ಮಾತನ್ನು ಕೈಬಿಟ್ಟೆವು.

ಶಿಕ್ಷಕರಿಗೆ ಸಂಶೋಧನೆಯ ಶಕ್ತಿಯಿಲ್ಲ ಎನ್ನುವವರು ಎಚ್.ಡಿ. ಕೋಟೆಯನ್ನು ನೆನಪಿಸಿಕೊಳ್ಳಲಿ. 1995ರಲ್ಲಿ ಆ ತಾಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಬಹುವರ್ಗ ಬೋಧನೆಯನ್ನು ನೋಡಿ ಬಂದರು. ತಾವೇ ಕಾರ್ಡುಗಳನ್ನು ತಯಾರಿಸಿ, ತಮ್ಮ ಮಕ್ಕಳೆದುರು ಬಳಸಿ, ತಿದ್ದಿ ನಲಿ-ಕಲಿ ಬೋಧನಾ ಪದ್ಧತಿಯನ್ನು ಕಟ್ಟಿದರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿದಾಗ ಉಳಿದ ಶಿಕ್ಷಕರ ಕೈಗೆ ಬಂದದ್ದು ಸಿದ್ಧ ಕಾರ್ಡು, ಕಲಿಕಾ ಏಣಿ, ಗುಂಪಿನ ತಟ್ಟೆ. ಕೋಟೆಯವರ ತಿದ್ದುವ ರೂಢಿ ಮಾತ್ರ ಅದರ ಜೊತೆ ಬರಲಿಲ್ಲ. ಅಲ್ಲಿನ ಸಂಶೋಧನೆ ಬೇರೆ ಕಡೆ ಸುತ್ತೋಲೆಯಾಯಿತು.

ಬಹಿರಂಗದ ಪಾಠಕ್ಕೆ ದೂರ ಹೋಗಬೇಕಿಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಶ್ರೀಪಡ್ರೆಯವರ ನೇತೃತ್ವದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ನೀರಿಂಗಿಸಿದ್ದು, ಗೊಬ್ಬರ ಬದಲಿಸಿದ್ದು, ಯಂತ್ರ ಮಾಡಿಕೊಂಡದ್ದು, ಎಲ್ಲವನ್ನೂ ತೋಟದವರೇ ಬರೆದರು. ಅವರಿಗೆ ಯಾರೂ ಸಂಖ್ಯಾಶಾಸ್ತ್ರ ಕಲಿಸಿರಲಿಲ್ಲ. ಓದುವವನಿಗೂ ತೋಟವಿತ್ತು. ಬರೆದದ್ದು ಸುಳ್ಳಾದರೆ ಅವನು ಬಿಡುವವನಲ್ಲ ಎಂಬ ಎಚ್ಚರವೇ ಬರವಣಿಗೆಯನ್ನು ನೇರ ಮಾಡಿತು.

ಅಚ್ಚನ್ನು ಕಿತ್ತುಹಾಕಿದರೆ ಗುಣಮಟ್ಟ ಕಾಯುವವರು ಯಾರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಕಡತ ಸೇರುವ ವರದಿಯ ಗುಣಮಟ್ಟವನ್ನು ಈಗ ಕಾಯುತ್ತಿರುವವರು ಯಾರು? ಕೊಲ್ಲಮೊಗ್ರಿನ ಅದೇ ಹೊಳೆಯ ಆಚೆ ದಡದಲ್ಲಿ, ಮನೆಯಲ್ಲಿ ತುಳು, ಅರೆಭಾಷೆ ಆಡುವ ಅಂಥವೇ ಮಕ್ಕಳಿಗೆ ಪಾಠ ಹೇಳುವ ಟೀಚರ್ ಒಬ್ಬರು, “ನಮ್ಮಲ್ಲಿ ಹಾಗೆ ಆಗಲಿಲ್ಲವಲ್ಲ” ಎಂದು ತಡೆದು ಕೇಳಿದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ದಾಖಲಾತಿ, ಚುನಾವಣೆ ಕೆಲಸಗಳ ನಡುವೆ ಕಡ್ಡಾಯದ ವರದಿ ಇನ್ನೊಂದು ಹೊರೆ ಮಾತ್ರ. ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಗಳು (ಡಯಟ್), ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಹೀಗೆ ಮಾಡಲಿ: ಮನಸ್ಸಿದ್ದವರು ಎರಡು ಪುಟ ಬರೆಯಲಿ. ಅದರಲ್ಲಿ ಕೈಕೊಟ್ಟ ಪ್ರಯತ್ನಕ್ಕೂ ಜಾಗವಿರಲಿ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಅರ್ಧ ಗಂಟೆ ಅದನ್ನು ಓದಿ ಚರ್ಚಿಸಲಿ. ಆ ಅರ್ಧ ಗಂಟೆ ಕೊಡಲಾಗದಿದ್ದರೆ ವರದಿ ಕೇಳುವುದನ್ನೂ ನಿಲ್ಲಿಸಲಿ.